ಉಪ್ಪು ತಾಗದ ಜವೆಗೋಧಿ

ತುರ್ಕಿಯಾ ಜವೆಗೋಧಿಯ ಗರಿಯೊಂದನ್ನು ಕಿತ್ತು ಅಗಿದಳು. ಅಗಿಯುತ್ತಿದ್ದಂತೆಯೇ ಅವಳ ಮುಖದ ನಗೆ ಮಾಸಿತು. ಗರಿಯಲ್ಲಿ ಉಪ್ಪಿನ ಸುಳಿವೇ ಇರಲಿಲ್ಲ.

ಅವಳ ಕೈ ಹಿಡಿಯಬೇಕಿದ್ದ ಲಸ್ಸಾದ್ ಇನ್ನೂ ನಗುತ್ತಲೇ ಇದ್ದ. "ನಾಳೆ ನಿಶ್ಚಿತಾರ್ಥ ಇಟ್ಕೊಂಡು ಮೇಕೆ ಥರ ಮೇಯ್ತಿದ್ದೀಯಲ್ಲೇ! ನಮ್ಮಮ್ಮ ನೋಡಿದ್ರೆ ಕುಸ್ಕುಸ್ ಎತ್ತಿಟ್ಟು ನಿಂಗೆ ಹುಲ್ಲೇ ಬಡಿಸ್ತಾಳೆ."

ನಿನ್ನೆಯಾಗಿದ್ದರೆ ಅವಳು ಓರೆಗಣ್ಣಿನಲ್ಲೇ ಅವನ ಬಾಯಿ ಮುಚ್ಚಿಸುತ್ತಿದ್ದಳು. ಇಂದು ಆ ಕಣ್ಣು ಬದುವಿನ ಮೇಲೆ ಹರಿಯಿತು. ಉಪ್ಪಿನ ಬಿಳಿಪೊರೆ ಅಲ್ಲೆಲ್ಲೂ ಕಟ್ಟಿರಲಿಲ್ಲ.

ಉಪ್ಪುಬಯಲಿನ ಅಂಚಿನ ಆ ಊರಿನಲ್ಲಿ, ಹೆಣ್ಣು ಕೇಳಿ ಬಂದವನಿಗೆ ಮೊದಲು ಕೊಡುವುದು ಹುಡುಗಿಯ ತಾಯಿಯ ಬೀಜ. ಕಹಿಬಾವಿಯ ಉಪ್ಪುನೀರನ್ನಷ್ಟೇ ಉಣಿಸಿ ಅವನು ಅದನ್ನು ತೆನೆಗೆ ತರಬೇಕು; ತಂದರೇ ಮದುವೆ. ನಾಲ್ಕರಲ್ಲಿ ಮೂರು ಸಸಿ ಸಾಯುತ್ತವೆ; ಉಳಿದದ್ದರ ಕಾಳೇ ಬರಕ್ಕೂ ಉಪ್ಪಿಗೂ ಜಗ್ಗದ ಬಿತ್ತನೆ. ತುರ್ಕಿಯಾಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಬಿಟ್ಟುಹೋದ ಗಡಿಗೆಯ ಬೀಜವನ್ನೆಲ್ಲ, ಒಂದು ಕಾಳನ್ನೂ ಉಳಿಸಿಕೊಳ್ಳದೆ, ಮಗಳು ಇವನ ಮಡಿಲಿಗೆ ಸುರಿದಿದ್ದಳು.

ಈಗ ಹೊಲದ ತುಂಬ ತೆನೆ. ಎಲ್ಲಿಯೂ ಒಂದು ಗೇಣು ಬಯಲಿಲ್ಲ.

"ಯಾವ ನೀರು ಹಾಯಿಸ್ದೆ?"

"ಬಾವೀದೇ."

"ನನ್ನ ಮುಖ ನೋಡಿ ಹೇಳು."

ಅವನು ನೋಡಲಿಲ್ಲ. ಹೊಲದ ಮೂಲೆಯಲ್ಲಿದ್ದ ಖರ್ಜೂರದ ಗರಿಗಳ ರಾಶಿಯನ್ನು ಅವಳು ಕಾಲಿನಿಂದ ಸರಿಸಿದಾಗ ಸಿಮೆಂಟಿನ ತೊಟ್ಟಿಯೊಂದು ಬಾಯ್ದೆರೆಯಿತು.

"ಗಾಬೆಸ್ ಪೇಟೆಯಿಂದ ಸಿಹಿನೀರಿನ ಟ್ಯಾಂಕರ್ ತರಿಸ್ದೆ," ಎಂದ ಅವನ ದನಿ ಕುಗ್ಗಿತ್ತು. "ಸಸಿ ಒಂದೊಂದೇ ಬಾಡ್ತಿತ್ತು ಕಣೇ. ನಿಮ್ಮಮ್ಮನ ಬೀಜ. ಎಲ್ಲ ಸತ್ತೋದ್ರೆ ನೀನೂ ಕೈ ತಪ್ಪಿಹೋಗ್ತೀಯ ಅಂತ ಭಯ ಆಯ್ತು. ಒಂದನ್ನೂ ಸಾಯೋಕೆ ಬಿಡ್ಲಿಲ್ಲ."

"ಸಾಯೋದು ಸಾಯ್ಲಿ ಅಂತಾನೇ ಕೊಟ್ಟಿದ್ದು, ಪುಣ್ಯಾತ್ಮ! ಈಗ ಗಟ್ಟಿ ಯಾವುದು, ಜೊಳ್ಳು ಯಾವುದು? ತೋರ್ಸು ನೋಡೋಣ. ಅಜ್ಜಿಯಿಂದ ಅಮ್ಮನವರೆಗೂ ಆರಿಸಿ ಆರಿಸಿ ಇಟ್ಟಿದ್ದನ್ನ ಒಂದೇ ಚಳಿಗಾಲದಲ್ಲಿ ಕಲಸಿಬಿಟ್ಟೆ. ದಿನಾ ಸಂಜೆ ಇದೇ ಬದೂ ಮೇಲೆ ಕೂತು, 'ಕಹಿನೀರು ಕುಡಿದೂ ಹೇಗೆ ನಗ್ತಿದೆ ನೋಡು' ಅಂದ್ಯಲ್ಲ, ನಾಲಿಗೆ ಹೇಗೆ ಹೊರಳ್ತು? ನಿನ್ನ ಮಾತು ನಂಬಿ ನಾನೂ ನೆಲ ನೋಡ್ಲಿಲ್ಲ."

"ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ, ತುರ್ಕಿಯಾ."

"ಗೊತ್ತು. ಅದಕ್ಕೇ ಇಷ್ಟು ಉರೀತಿದೆ."

ಗಾಳಿಗೆ ತೆನೆಗಳು ಒಂದರ ಮೇಲೊಂದು ಒರಗಿದವು. ಅವುಗಳ ಚೆಲುವನ್ನು ನೋಡಲಾರದೆ ಅವಳು ಸೊಂಟದ ಕುಡುಗೋಲನ್ನು ತೆಗೆದಳು.

"ಎಲ್ಲವನ್ನೂ ಕೊಯ್ದು, ಬರೋ ವರ್ಷ ಕಹಿಬಾವಿ ನೀರಲ್ಲಿ ನಾನೇ ಬೆಳೀತೀನಿ. ಉಳಿಯೋದು ಉಳೀಲಿ."

"ಅಲ್ಲೀವರೆಗೂ ನಾನು ಕಾಯ್ಲಾ?"

"ನಾನು ಕಾಯೋದು ಬೀಜಕ್ಕೆ. ನಿನಗಲ್ಲ."

"ನಾಳೆ ಬರೋರಿಗೆ ಏನು ಹೇಳ್ಲಿ?"

"ನಡೆದಿದ್ದನ್ನ ಹೇಳು. ನಿಮ್ಮಮ್ಮಂಗೂ ನೀನೇ ಹೇಳು. ಪಾಪ, ಬಾಗಿಲಿಗೆ ಸುಣ್ಣ ಬಳಿದು ಕೂತಿದಾಳೆ. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡ."

ಅವನು ಕುಡುಗೋಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ, ಆದರೆ ಆ ಕೈಯನ್ನು ಒಂದು ಗಳಿಗೆ, ಒಂದೇ ಗಳಿಗೆ, ತನ್ನ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಬಿಟ್ಟು, ಬಾಗಿ ಮೊದಲ ಹಿಡಿಯನ್ನು ಕೊಯ್ದಳು.

ಊರಿನ ದಾರಿ ಹಿಡಿದ ಲಸ್ಸಾದ್ ಮೂರು ಸಲ ತಿರುಗಿ ನೋಡಿದ. ಮೂರು ಸಲವೂ ಅವನಿಗೆ ಕಂಡದ್ದು ಅವಳ ಬೆನ್ನು.