ಕೊಡೆ ಕೆಳಗಿನ ಕಿಡಿ

“ಇನ್ನೊಂದ್ಸಲ ಒದಿ,” ಅಂದರು ಅಜ್ಜ.

ಅಮ್ಮ ಕಿಕ್ಕರ್ ಮೇಲೆ ಮೈಭಾರವೆಲ್ಲ ಹಾಕಿ ಒದ್ದಳು. ಬೈಕು ಗುಡುಕ್ ಅಂದಿತು, ಅಷ್ಟೇ.

ಹನ್ನೊಂದು, ಎಂದು ಮನಸ್ಸಲ್ಲೇ ಎಣಿಸಿದಳು ಪೀಪಿ.

ಅವಳ ನಿಜವಾದ ಹೆಸರು ಇರುವುದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ. ಚಿಕ್ಕವಳಿದ್ದಾಗ ಇದೇ ಬೈಕಿನ ಹಾರ್ನ್ ಮೇಲಿಂದ ಬೆರಳು ತೆಗೆಯುತ್ತಿರಲಿಲ್ಲ. ಅದಕ್ಕೇ ಪೀಪಿ. ಈಗ ಐದನೇ ಕ್ಲಾಸಾದರೂ ಹೆಸರು ಬಿಟ್ಟಿಲ್ಲ.

ಅಮ್ಮ ವಾಚ್ ನೋಡಿಕೊಂಡಳು. ಇವತ್ತು ಅವಳ ಹೊಸ ಕೆಲಸದ ಮೊದಲ ದಿನ. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತಗೊಂಡು ಲ್ಯಾಬಿಗೆ ತಲುಪಿಸಬೇಕು. “ಒಂಬತ್ತಕ್ಕೆ ಗಾಡಿ ಸಮೇತ ಬನ್ನಿ. ಇಲ್ಲಾಂದ್ರೆ ಈ ಕೆಲಸಕ್ಕೆ ಬೇರೆಯವರು ಕಾಯ್ತಿದ್ದಾರೆ,” ಅಂದಿದ್ದರು ಲ್ಯಾಬಿನವರು. ಈಗಾಗಲೇ ಎಂಟು ಹತ್ತು.

“ಗಾಬರಿ ಬೇಡ ಮಗಳೇ,” ಅಂದರು ಅಜ್ಜ. ಅವರು ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. “ರೇಡಿಯೊ ಆದ್ರೇನು, ಗಾಡಿ ಆದ್ರೇನು? ಕೆಟ್ಟಿದ್ದನ್ನ ಪ್ರಶ್ನೆ ಕೇಳ್ಬೇಕು. ಒಂದ್ಸಲಕ್ಕೆ ಒಂದೇ ಪ್ರಶ್ನೆ. ಮೊದಲನೇದು: ನಿನ್ನೆ ಓಡ್ತಿತ್ತು, ಇವತ್ತು ಓಡ್ತಿಲ್ಲ. ಮಧ್ಯೆ ಏನಾಯ್ತು?”

“ನಿನ್ನೆ ಮಧ್ಯಾಹ್ನ ನೀನು ಹಾರ್ನ್ ವೈರ್ ಜೋಡಿಸಿದೆ,” ಅಂದಳು ಅಮ್ಮ. “ಇನ್ನೇನೂ ಆಗಿಲ್ಲ.”

ಆಗಿತ್ತು. ಪೀಪಿಗೆ ಗೊತ್ತಿತ್ತು.

ನಿನ್ನೆ ಸಂಜೆ ಅಮ್ಮ ಒಳಗೆ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದಾಗ, ಪೀಪಿ ಗಾಡಿ ತೊಳೆದಿದ್ದಳು. ಹೊಸ ಕೆಲಸಕ್ಕೆ ಹೋಗುವ ಗಾಡಿ ಫಳಫಳ ಅನ್ನಬೇಡವೇ? ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು, ಎಂಜಿನ್ನಿನ ಸಂದಿಗೊಂದಿಗೆಲ್ಲ ನೀರು ಚಿಮ್ಮಿಸಿದ್ದಳು. ಬೆಳಿಗ್ಗೆ ಅಮ್ಮ ಬೆರಗಾಗಲಿ ಅಂತ ಯಾರಿಗೂ ಹೇಳಿರಲಿಲ್ಲ. ಆದರೆ ಅಮ್ಮ ಗಾಡಿಯ ಹೊಳಪು ನೋಡಲೇ ಇಲ್ಲ. ಬಂದವಳೇ ಒದೆಯಲು ಶುರು ಮಾಡಿದ್ದಳು.

ಅಜ್ಜ ಕೀ ತಿರುಗಿಸಿದರು. ಹಸಿರು ಲೈಟ್ ಬಂತು. ಹಾರ್ನ್ ಒತ್ತಿದರು. ‘ಪೀಂ’ ಎಂದಿತು.

“ಬ್ಯಾಟರಿ ಕಳ್ಳ ಅಲ್ಲ.”

ಗಾಜಿನ ಪುಟ್ಟ ಫ್ಯೂಸನ್ನು ಆಕಾಶಕ್ಕೆ ಹಿಡಿದು ನೋಡಿದರು. ಒಳಗಿನ ತಂತಿ ತುಂಡಾಗಿರಲಿಲ್ಲ. “ಇವನೂ ಅಲ್ಲ.” ಗಾಡಿ ಅಲ್ಲಾಡಿಸಿದರು. ಟ್ಯಾಂಕಿನಲ್ಲಿ ಪೆಟ್ರೋಲ್ ತುಳುಕಿತು. “ಇನ್ನು ಉಳಿದಿದ್ದು ಕಿಡಿ. ಪೀಪಿ, ಕೊಡೆ ತಾ.”

“ಕೊಡೆನಾ? ಬಿಸಿಲು ಬಿದ್ದಿದೆಯಲ್ಲ ಅಜ್ಜ!”

“ಕಿಡಿಗೆ ನಾಚಿಕೆ ಜಾಸ್ತಿ ಕಣೇ. ಬೆಳಕಲ್ಲಿ ಮುಖ ತೋರ್ಸಲ್ಲ.”

ಅಜ್ಜ ಪೆಟ್ರೋಲಿನ ನಲ್ಲಿ ಬಂದ್ ಮಾಡಿ, ಸ್ಪ್ಯಾನರ್ ಹಾಕಿ ಕಿಡಿ ಹಾರಿಸುವ ಪ್ಲಗ್ ಬಿಚ್ಚತೊಡಗಿದರು. ಅವರ ಕೈ ನಡುಗುತ್ತಿತ್ತು. ಎರಡು ಸಲ ಸ್ಪ್ಯಾನರ್ ಜಾರಿತು. ಅಮ್ಮ ಕೈ ಚಾಚಿ, ಮತ್ತೆ ಹಿಂದಕ್ಕೆ ತಗೊಂಡಳು. ಕೊನೆಗೂ ಪ್ಲಗ್ ಹೊರಬಂತು. ಅಜ್ಜ ಆ ತೂತಿಗೆ ಬಟ್ಟೆ ತುರುಕಿದರು. ಪ್ಲಗ್ಗನ್ನು ಅದರ ರಬ್ಬರ್ ಟೋಪಿಗೇ ಮತ್ತೆ ಸಿಕ್ಕಿಸಿ ಎಂಜಿನ್ನಿನ ಮೈಗೆ ಒರಗಿಸಿದರು.

ಕಪ್ಪು ಕೊಡೆಯ ಕೆಳಗೆ ಅಜ್ಜ, ಮೊಮ್ಮಗಳು ತಲೆಗೆ ತಲೆ ತಾಗಿಸಿ ಕೂತರು.

“ಮುಟ್ಟಬೇಡ. ಬರೀ ನೋಡು. ಹ್ಞೂಂ, ಒದಿಯಮ್ಮಾ!”

ಗುಡುಕ್. ಕತ್ತಲೆ. ಕಿಡಿ ಇಲ್ಲ.

ಅಜ್ಜ ನಿಧಾನವಾಗಿ ಕೊಡೆ ಮಡಚಿದರು. “ನಿನ್ನೆ ಹಾರ್ನಿಗೆ ಕೈ ಹಾಕಿದಾಗ ಯಾವುದೋ ವೈರ್ ಎಳೆದಿರ್ಬೇಕು. ನನ್ನ ಕೈಯೇ ಕೆಡಿಸಿದ್ದು.”

“ಮುಟ್ಟಬೇಡ ಅಂತ ಹೇಳಿದ್ದೆ ಅಲ್ವಾ ಅಪ್ಪಾ!” ಅಮ್ಮನ ದನಿ ಒಡೆಯಿತು. ಆಮೇಲೆ ಅವಳೇ ಮುಖ ತಿರುಗಿಸಿಕೊಂಡಳು.

ಅಜ್ಜ ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ತಮ್ಮ ಹಳೇ ಬಿಸ್ಕತ್ ಡಬ್ಬಿಗೆ ಹಾಕಿದರು. “ತಗೋ ಪೀಪಿ, ಅಟ್ಟದ ಮೇಲೆ ಇಟ್ಬಿಡು. ಇನ್ನು ಇದರ ಕೆಲಸ ಇಲ್ಲ.”

ಪೀಪಿ ಡಬ್ಬಿ ಹಿಡಿದು ಒಳಗೆ ಹೋದಳು. ಅಟ್ಟಕ್ಕೆ ಸ್ಟೂಲ್ ಬೇಕಿತ್ತು. ಸ್ಟೂಲ್ ಹತ್ತಿದಳು. ಡಬ್ಬಿಯೊಳಗೆ ಸ್ಕ್ರೂಗಳು ಗಲಗಲ ಎನ್ನುತ್ತಿದ್ದವು. ಅಜ್ಜ ಹಿಡಿದಾಗಲೂ ಅದು ಹೀಗೇ ಸದ್ದು ಮಾಡುತ್ತದೆ. ಆದರೆ ಈಗ ನಡುಗುತ್ತಿದ್ದದ್ದು ಅವಳ ಕೈ.

ಅವಳು ಡಬ್ಬಿ ಸಮೇತ ಸ್ಟೂಲಿನಿಂದ ಹಾರಿ ಹೊರಗೆ ಓಡಿದಳು.

“ಅಜ್ಜಾ, ಮಧ್ಯೆ ಇನ್ನೊಂದು ಆಗಿತ್ತು. ನಾನು ಗಾಡಿ ತೊಳೆದೆ. ಪೈಪ್ ಹಾಕಿ. ಎಂಜಿನ್ನಿಗೆಲ್ಲ ನೀರು ಬಿಟ್ಟೆ.”

ಅಮ್ಮ ಬಾಯಿ ತೆರೆದಳು. ಅಜ್ಜ ಕೈ ಎತ್ತಿ ತಡೆದರು. ಅವರು ಕೇಳಿದ್ದು ಒಂದೇ ಪ್ರಶ್ನೆ:

“ಹಾಗಾದ್ರೆ ನನ್ನ ಕೈ ಅಲ್ವಾ?”

“ಅಲ್ಲ ಅಜ್ಜ. ನಂದು.”

ಅಜ್ಜ ಆ ರಬ್ಬರ್ ಟೋಪಿಯನ್ನು ವೈರಿನಿಂದ ತಿರುಗಿಸಿ ಬಿಚ್ಚಿ, ಅಂಗೈ ಮೇಲೆ ಬೋರಲು ಹಾಕಿ ಕುಟ್ಟಿದರು. ಎರಡು ಹನಿ ನೀರು ಬಿತ್ತು.

“ಸಿಕ್ಕಿಬಿದ್ದ ಕಳ್ಳ! ಕಿಡಿಗೆ ಹೋಗಬೇಕಾದ ಕರೆಂಟನ್ನ ದಾರಿಯಲ್ಲೇ ಕುಡೀತಿದ್ದ.”

ಅಮ್ಮ ಒಳಗೆ ಓಡಿ ಹೇರ್ ಡ್ರೈಯರ್ ತಂದಳು, ಉದ್ದದ ವೈರ್ ಎಳೆದಳು. ಪೀಪಿ ಒಣ ಬಟ್ಟೆಯಿಂದ ಒರೆಸಿದಳು. ಅಜ್ಜ ಡ್ರೈಯರ್ ಹಿಡಿದರು. ಟೋಪಿ ಒಳಗೂ ಹೊರಗೂ ಬೆಚ್ಚಗಾಯಿತು. ಮತ್ತೆ ಜೋಡಿಸಿ, ಮತ್ತೆ ಕೊಡೆ ಬಿಚ್ಚಿದರು.

“ಒದಿ!”

ಚಟ್. ಕತ್ತಲಲ್ಲಿ ನೀಲಿ ಬಣ್ಣದ್ದೊಂದು ಕಿಡಿ, ಇರುವೆಯಷ್ಟು ಚಿಕ್ಕದು. ಒಂದು ಕ್ಷಣ ಅಜ್ಜನ ಮೂಗು ಕೂಡ ನೀಲಿಯಾದಂತೆ ಕಂಡಿತು.

“ಅಮ್ಮಾ, ಬಂತು! ಬಂತು!”

ಪ್ಲಗ್ ಮತ್ತೆ ಎಂಜಿನ್ನಿಗೆ ಕೂರಿಸಿದ ಮೇಲೆ, ಎಂಟು ನಲವತ್ತಕ್ಕೆ ಬೈಕು ಗುಡುಗುಟ್ಟಿತು. ಅಮ್ಮ ಹೆಲ್ಮೆಟ್ ಹಾಕಿಕೊಳ್ಳುತ್ತಾ ಟ್ಯಾಂಕ್ ಕಡೆ ನೋಡಿ ನಿಂತುಬಿಟ್ಟಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

“ಎಷ್ಟು ಚೆನ್ನಾಗಿ ತೊಳೆದಿದ್ದೀಯೇ ತರಲೆ,” ಅಂದಳು. ಆಮೇಲೆ ಅಜ್ಜನ ಕಡೆ ತಿರುಗಿ, ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ, “ಅಪ್ಪಾ, ಸಂಜೆ ಬ್ರೇಕ್ ಲೈಟ್ ಒಂಚೂರು ನೋಡ್ತೀಯಾ? ಮಿಣಮಿಣ ಅಂತಿದೆ.”

“ನೋಡೋಣ ಬಿಡು,” ಅಂದರು ಅಜ್ಜ, ದೊಡ್ಡ ಡಾಕ್ಟರ ಥರ.

“ಪೀಪಿ, ಹತ್ತು! ಸ್ಕೂಲಿಗೆ ಲೇಟು!”

“ಒಂದ್ನಿಮಿಷ ಅಮ್ಮಾ!”

ಅವಳು ಡಬ್ಬಿ ಎತ್ತಿಕೊಂಡು ಒಳಗೆ ಓಡಿದಳು. ಅಟ್ಟದ ಕಡೆ ನೋಡಲಿಲ್ಲ. ಅಜ್ಜನ ಕುರ್ಚಿ ಪಕ್ಕದ ಕಿಟಕಿಯಲ್ಲಿ, ಕೂತಲ್ಲಿಂದಲೇ ಕೈಗೆಟಕುವ ಜಾಗದಲ್ಲಿ ಇಟ್ಟಳು. ಹೊರಟವಳು ಮತ್ತೆ ತಿರುಗಿ ಬಂದು ಮುಚ್ಚಳವನ್ನು ತುಸು ಸಡಿಲ ಮಾಡಿದಳು.

ಹೊರಗಿನಿಂದ ‘ಪೀಂ’ ಎಂದಿತು. ಅಜ್ಜ ಜೋಡಿಸಿದ ಹಾರ್ನು.