ಎರಡನೇ ಹೊಲಿಗೆ

"ಎಲ್ಲಿ ಅವಳು?"

ವಾರ್ಡಿನ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಕೈಯಲ್ಲಿ ನೀಲಿ ರಟ್ಟಿನ ದಪ್ಪ ಫೈಲು. ಮಲಗಿದ್ದವನು ತಟ್ಟನೆ ಎದ್ದು ಕುಳಿತ.

"ಯಾರು?"

"ತಿಂಗಳ ಹಿಂದೆ ಫೋನಲ್ಲಿ ಹೇಳಿದ್ಯಲ್ಲ, ಬೇರೆ ಹುಡುಗಿ ಇಷ್ಟ ಆಗಿದ್ದಾಳೆ, ನನ್ನ ಮರೆತುಬಿಡು ಅಂತ. ಅವಳನ್ನ ನೋಡಿ ಹೋಗೋಣ ಅಂತ ಬಂದೆ."

ಅವನ ಕಣ್ಣು ಫೈಲಿನ ಮೇಲೆ ಬಿತ್ತು. ಮುಖ ಬಿಳಿಚಿತು.

ಅವಳದು ಪುಸ್ತಕ ಬೈಂಡಿಂಗ್ ಅಂಗಡಿ. ಹಿಂದಿನ ದಿನ ಹೆಂಗಸೊಬ್ಬರು ತಮ್ಮನ ಆಸ್ಪತ್ರೆ ಕಾಗದಗಳನ್ನು ತಂದು, "ಒಂದೂ ಕಳೀಬಾರದು ಕಣಮ್ಮ, ಹಳೇ ಆಪರೇಷನ್ನಿನ ವಿವರ ಪೂರ್ತಿ ಬೇಕಂತೆ ಡಾಕ್ಟರಿಗೆ," ಎಂದು ಕೊಟ್ಟು ಹೋಗಿದ್ದರು. ಅವನ ಅಕ್ಕನಿಗೆ ಅಂಗಡಿ ಗೊತ್ತಿತ್ತು, ಹುಡುಗಿ ಗೊತ್ತಿರಲಿಲ್ಲ.

ಪುಟ ಜೋಡಿಸುವಾಗ ಮೊದಲು ಕಂಡದ್ದು ಅವನ ಹೆಸರು. ಆಮೇಲೆ ಉಳಿದದ್ದು. ಆರು ವರ್ಷದ ಹಿಂದೆ ಎದೆ ತೆರೆದು, ಹೃದಯದಿಂದ ಹೊರಡುವ ಮಹಾಧಮನಿಯ ಒಂದು ಭಾಗ ಬದಲಿಸಿದ್ದರು. ಈಗ ಅದರ ಮುಂದಿನ ಭಾಗ ಊದಿಕೊಂಡಿದೆ. ಮತ್ತೆ ಎದೆ ತೆರೆಯಬೇಕು.

ಎರಡು ವರ್ಷದ ಒಡನಾಟದಲ್ಲಿ ಅವನು ಶರ್ಟಿನ ಮೇಲಿನ ಗುಂಡಿಯನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಶಿಸ್ತಿನ ಮನುಷ್ಯ ಎಂದುಕೊಂಡಿದ್ದಳು ಪೆದ್ದಿ...

"ಹತ್ತು ಜನರಲ್ಲಿ ಒಬ್ಬರು ಉಳಿಯಲ್ವಂತೆ," ಅವನು ಗೋಡೆ ನೋಡುತ್ತ ಹೇಳಿದ. "ಲಕ್ವ ಹೊಡೀಬಹುದು. ಧ್ವನಿ ಹೋಗಬಹುದು. ಅದೂ ಹೋದರೆ ನನ್ನತ್ರ ಏನಿದೆ?"

ಅವನು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವನು. ಆ ಧ್ವನಿಗೆ ಸೋತು ಅವಳು ಒಂದು ವಾರ ಬೇಕೆಂದೇ ಬಸ್ಸು ತಪ್ಪಿಸಿಕೊಂಡಿದ್ದಳು.

"ಉಳಿದ ಒಂಬತ್ತು ಜನರ ಸುದ್ದಿ ಯಾಕೆ ಹೇಳಲಿಲ್ಲ?"

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದನ್ನ ನಿನಗೆ ಗುತ್ತಿಗೆ ಕೊಟ್ಟವರು ಯಾರು? ನನ್ನಲ್ಲೇನು ಕೊರತೆ ಅಂತ ತಿಂಗಳಿಡೀ ಕನ್ನಡಿ ನೋಡ್ದೆ. ಇಲ್ಲದ ಹುಡುಗಿ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಿನ್ನ ಎದೆ ಕೊಯ್ಯೋ ಡಾಕ್ಟರು ಒಪ್ಪಿಗೆ ಕೇಳಿ ಕೊಯ್ತಾರೆ. ನೀನು ನನ್ನನ್ನ ಕೇಳದೇ ಕೊಯ್ದೆ."

ಮೂಲೆಯ ಕುರ್ಚಿಯಿಂದ ಅಕ್ಕ ಮೆಲ್ಲಗೆ ಅಂದಳು, "ನಿಲ್ಲಿಸಬೇಡಮ್ಮ. ನನ್ನ ಪಾಲಿಂದೂ ಸೇರಿಸಿ ಬೈ."

ಅಷ್ಟರಲ್ಲಿ ಡಾಕ್ಟರು ಬಂದರು. ಫೈಲು ತಿರುವಿದರು. ಒಂದು ಪುಟವೂ ಆಚೀಚೆ ಆಗಿರಲಿಲ್ಲ.

"ಎರಡನೇ ಸಲ ಯಾಕೆ ಅಷ್ಟು ಕಷ್ಟ ಡಾಕ್ಟ್ರೇ?" ಅವಳ ದನಿ ಈಗ ನಡುಗಿತು.

"ಹಳೇ ಗಾಯ ಮಾಗುವಾಗ ಒಳಗೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಕೆಲವರಿಗೆ ರಕ್ತನಾಳ ಎದೆಮೂಳೆಗೇ ಅಂಟಿರುತ್ತೆ. ಆತುರಪಟ್ಟರೆ ಹರಿದುಹೋಗುತ್ತೆ."

ಅವಳಿಗೆ ಅರ್ಥವಾಯಿತು. ಹೊಸ ಪುಸ್ತಕವನ್ನು ಯಾರು ಬೇಕಾದರೂ ಹೊಲಿದಾರು. ಒಮ್ಮೆ ಹೊಲಿದು ಅಂಟು ಹಾಕಿದ್ದನ್ನು ಬಿಚ್ಚುವಾಗ ಅವಳೂ ಉಸಿರು ಬಿಗಿಹಿಡಿಯುತ್ತಾಳೆ.

"ಹಾಗಾದ್ರೆ ನಿಧಾನವಾಗಿ ಮಾಡಿ. ನಾನು ಕಾಯ್ತೀನಿ."

ಆಪರೇಷನ್ ಕೋಣೆಯ ಹೊರಗೆ ಒಂಬತ್ತು ಗಂಟೆ ಕಾದಳು. ಅಕ್ಕ ತಂದ ಚಹಾ ಆರಿಹೋಯಿತು. ಅವನೇನಾದರೂ ಏಳದಿದ್ದರೆ, ಕೊನೆಗೆ ಆಡಿದ್ದು ಬೈಗುಳವೇ ಆಯಿತಲ್ಲ... ಕೋಪ ಅವನ ಮೇಲಿಂದ ತನ್ನ ಮೇಲೆ ತಿರುಗಿತು.

ಅವನು ಉಳಿದ.

ಮೂರನೆಯ ದಿನ ಗಂಟಲಿನ ನಳಿಕೆ ತೆಗೆದಾಗ ಧ್ವನಿ ಇರಲಿಲ್ಲ, ಬರೀ ಗಾಳಿ. ಧ್ವನಿಯ ನರಕ್ಕೆ ಪೆಟ್ಟಾಗಿದೆ, ಕೆಲವು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ಅವನ ತುಟಿ ಅಲುಗಿತು.

"ಜೋರಾಗಿ ಹೇಳು. ನನ್ನ ಕೋಪ ಇನ್ನೂ ಇಳಿದಿಲ್ಲ."

ಅವನು ಬೆರಳಿನಲ್ಲಿ ಹತ್ತಿರ ಕರೆದ. ಅವಳು ಬಾಗಿ ಕಿವಿಯಿಟ್ಟಳು.

"ಪ್ರಯಾಣಿಕರ ಗಮನಕ್ಕೆ... ಬೇರೆ ಹುಡುಗಿ ಯಾರೂ ಇಲ್ಲ... ಕ್ಷಮಿಸ್ತೀಯಾ?"

"ಕ್ಷಮಿಸಲ್ಲ. ಮದುವೆ ಆಗ್ತೀನಿ. ಆಮೇಲೆ ದಿನಾ ಬೈತೀನಿ."

ಅವನ ಕಣ್ಣಂಚು ಒದ್ದೆಯಾಯಿತು.

"ಬೈ... ಈಗ ನನ್ನ ಪಾಲಿನ ಧ್ವನೀನೂ ನಿಂದೇ."