ಬೆಟ್ಟ ಹೆಬ್ಬೆರಳಷ್ಟು ಸರಿದಾಗ

"ನಿನ್ನ ಕಂಬ ಸುಳ್ಳು ಹೇಳ್ತಿದೆಯೋ, ಬೆಟ್ಟವೇ ಜಾರ್ತಿದೆಯೋ? ಮೊದಲ ಹಿಮ ಬೀಳೋದ್ರೊಳಗೆ ನನಗೆ ಉತ್ತರ ಬೇಕಮ್ಮ," ಎಂದು ಕಚೇರಿಯ ಹಿರಿಯರು ಫೋನಿನಲ್ಲಿ ಹೇಳಿದಾಗ ಪುಟ್ಟಿ ತನ್ನ ಅಕ್ಕನ ಬೇಕರಿಯಲ್ಲಿ, ಹಿಟ್ಟು ನಾದುವ ಮೇಜಿಗೆ ಒರಗಿ ನಿಂತಿದ್ದಳು. ಊರಿಗೆಲ್ಲ ಅವಳು ಭೂಮಿ ಅಳೆಯುವ ವಿಜ್ಞಾನಿ. ಅಕ್ಕನಿಗೂ ಭಾವನಿಗೂ ಇವತ್ತಿಗೂ ಪುಟ್ಟಿಯೇ.

ಊರಿನ ನೆತ್ತಿಯ ಮೇಲಿದ್ದ ಬೆಟ್ಟದ ತುದಿಯಲ್ಲಿ ಅವಳು ಎರಡು ವರ್ಷದ ಹಿಂದೆ ಉಕ್ಕಿನ ಕಂಬ ನೆಟ್ಟು, ಅದರ ತಲೆಗೆ ಆಂಟೆನಾ ಕೂರಿಸಿದ್ದಳು. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಕೇಳಿ, ತಾನು ಎಲ್ಲಿದ್ದೇನೆಂದು ಅದು ಕೂದಲೆಳೆಯಷ್ಟು ಖಚಿತವಾಗಿ ಹೇಳುತ್ತಿತ್ತು. ಇಂಥ ನೂರಾರು ಕಂಬಗಳು ಲೋಕದ ಮೂಲೆಮೂಲೆಯಲ್ಲಿ ನಿಂತು ಸಾಕ್ಷಿ ನುಡಿದರೇನೇ, ಭೂಮಿಯೆಂಬ ಬುಗುರಿ ಇವತ್ತು ಎಷ್ಟು ಚುರುಕಾಗಿ ತಿರುಗಿತು, ಎಲ್ಲಿ ತುಸು ಸೋಮಾರಿಯಾಯಿತು ಎಂಬ ಲೆಕ್ಕ ಸಿಗುವುದು. ಸಾಕ್ಷಿಯಾದವನು ನಿಂತಲ್ಲಿ ನಿಲ್ಲಬೇಕು. ಈ ಬೇಸಿಗೆಯಲ್ಲಿ ಪುಟ್ಟಿಯ ಸಾಕ್ಷಿ ಹೆಬ್ಬೆರಳಷ್ಟು ಸರಿದುಬಿಟ್ಟಿತ್ತು, ಅದೂ ಊರಿನ ಕಡೆಗೇ.

ಬೆಟ್ಟ ಜಾರುತ್ತಿದ್ದರೆ ಊರು ಖಾಲಿ ಮಾಡಬೇಕು. ಬೀದಿಯಲ್ಲಿ ಆಗಲೇ ಮಂಚ, ಕಪಾಟುಗಳು ಲಾರಿ ಹತ್ತತೊಡಗಿದ್ದವು. ಕಂಬದ್ದೇ ತಪ್ಪಾಗಿದ್ದರೆ ಅವಳ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇಂಥ ಕಂಬ ನೆಡುವ ಹೊಸ ಕೇಂದ್ರಗಳ, ಅವಳ ಕೈಗೆ ಬರಬೇಕಿದ್ದ ಹೊಣೆಯೂ ಬೇರೆಯವರ ಪಾಲಾಗುವುದು.

"ಹುಟ್ಟಿದಾಗಿನಿಂದ ನಿನಗೆ ತಪ್ಪು ಮಾಡ್ಬೇಡ ಅಂತ ಬಡ್ಕೊಂಡೆ," ಎಂದಳು ಅಕ್ಕ, ಒಲೆಯ ಬಾಗಿಲು ಮುಚ್ಚುತ್ತ. "ಈಗ ಕೈಮುಗಿದು ಕೇಳ್ತೀನಿ ಕಣೇ. ಇದೊಂದು ಸಲ ತಪ್ಪು ಮಾಡಿರು."

ಪುಟ್ಟಿಗೆ ನಗು ಬಂತು.

ಮರುದಿನ ಬೆಳಗ್ಗೆ ಮೂವರು ಹೊರಟರು. ಮುಂದೆ ಭಾವ, ಆ ಬೆಟ್ಟಕ್ಕೆ ಜನರನ್ನು ಹತ್ತಿಸಿ ಇಳಿಸುವುದೇ ಅವನ ಕಸುಬು. ನಡುವೆ ಪುಟ್ಟಿ. ಹಿಂದೆ ಉಪಕರಣಗಳ ಎಂಜಿನಿಯರ್. ಒಂದು ತಿರುಪನ್ನು ನಾಲ್ಕು ಸಲ ಪರೀಕ್ಷಿಸುವ ಆ ಮಹಾಶಯನಿಗೆ ಕಚೇರಿಯವರು ಇಟ್ಟ ಹೆಸರು ಮಿಲಿಮೀಟರ್.

ದೇವದಾರು ಕಾಡು ಕೆಳಗುಳಿಯಿತು. ಹುಲ್ಲುಗಾವಲು ಮುಗಿದು ಬರೀ ಕಲ್ಲು, ಗಾಳಿ, ಬೆಳಕು. ದೂರದ ಶಿಖರಗಳು ಒಂದರ ಹಿಂದೊಂದು ತಲೆಯೆತ್ತಿ, ಯಾರೋ ದೊಡ್ಡವರ ಸನ್ನಿಧಿಯಲ್ಲಿ ಮಾತಿಲ್ಲದೆ ಕುಳಿತವರಂತೆ ಕಂಡವು. ಬೆಟ್ಟವನ್ನು ಅಚಲವೆಂದು ಕರೆದ ಪೂರ್ವಿಕರು ಇಂಥದೇ ಒಂದು ಮುಂಜಾನೆ ಅದನ್ನು ನೋಡಿರಬೇಕು. ಪುಟ್ಟಿ ಮನಸ್ಸಿನಲ್ಲೇ ಬೇಡಿಕೊಂಡಳು: ದೇವರೇ, ತಪ್ಪು ನನ್ನದೇ ಆಗಿರಲಿ. ಇಂಥ ಮೊರೆ ದೇವರ ಕಿವಿಗೂ ಅಪರೂಪವೇ ಇದ್ದೀತು.

"ಭೂಮಿ ಒಂದು ಚಿಟಿಕೆ ತಡವಾಗಿ ತಿರುಗಿದ್ರೆ ನಿನ್ನಕ್ಕನ ಬ್ರೆಡ್ ಸೀದುಹೋಗುತ್ತಾ ಪುಟ್ಟಿ?" ಭಾವ ಹಗ್ಗ ಬಿಗಿಯುತ್ತ ಕೇಳಿದ.

"ಅದು ನೀವು ಒಲೆ ಮುಂದೆ ನಿದ್ದೆ ಹೊಡೆದ್ರೆ ಮಾತ್ರ ಸೀಯೋದು ಭಾವ."

"ಸರಿಯಾಗಿ ಅಳೆದಿದ್ದೀರ ಮೇಡಂ," ಎಂದ ಮಿಲಿಮೀಟರ್, ಹಿಂದಿನಿಂದ ಏದುಸಿರು ಬಿಡುತ್ತ.

ತುದಿಯಲ್ಲಿ ಮನೆಗಾತ್ರದ ಬಂಡೆ. ಅದರ ಮೇಲೆ ಕಂಬ ಗಂಭೀರವಾಗಿ ನಿಂತಿತ್ತು. ಮಿಲಿಮೀಟರ್ ಏಣಿ ಹಾಕಿ ಹತ್ತಿ ಒಂದೊಂದೇ ಬೋಲ್ಟನ್ನು ತಿರುಚಿ ನೋಡಿದ. ಜಗ್ಗಿದ. ಬಡಿದ.

"ಒಂದೂ ಸಡಿಲ ಆಗಿಲ್ಲ ಮೇಡಂ. ಕಂಬದ ತಪ್ಪೇನಿಲ್ಲ."

ಒಳ್ಳೆಯ ಸುದ್ದಿಯೊಂದು ಎದೆಗೆ ಕಲ್ಲಾಗಿ ಬೀಳುವುದು ಹೇಗೆಂದು ಪುಟ್ಟಿಗೆ ಅಂದು ತಿಳಿಯಿತು. ಕಂಬ ಗಟ್ಟಿಯಿದ್ದರೆ ಸರಿದದ್ದು ಬೆಟ್ಟವೇ?

ಇನ್ನೊಂದು ದಾರಿಯಿತ್ತು. ತುಸು ದೂರದ ಅಂಚಿನಲ್ಲಿ, ಬೆಟ್ಟದ ಮೈಗೇ ಹಿಂದಿನ ತಲೆಮಾರಿನ ಅಳತೆಗಾರರು ಹೊಡೆದಿದ್ದ ಒಂದು ಹಿತ್ತಾಳೆ ಮೊಳೆ. ಕಂಬ ನೆಟ್ಟಾಗ ಅದನ್ನೂ ಅವಳು ಅಳೆದಿಟ್ಟಿದ್ದಳು. ಈಗ ಅದರ ನೆತ್ತಿಗೆ ಸರಿಯಾಗಿ ಮುಕ್ಕಾಲಿ ನಿಲ್ಲಿಸಿ, ಬೇರೆ ಆಂಟೆನಾ ಕೂರಿಸಿದರು. ಒಂದು ಹಗಲು, ಒಂದು ರಾತ್ರಿ ಅದು ಉಪಗ್ರಹಗಳನ್ನು ಕೇಳಬೇಕು. ಅಲ್ಲಿಯವರೆಗೆ ಕಾಯುವುದೇ ಕೆಲಸ.

ಮಾರನೆಯ ಬೆಳಗ್ಗೆ ಬಿಸಿಲೇರಿದಾಗ ಪುಟ್ಟಿಗೆ ಸಣ್ಣ ಸದ್ದು ಕೇಳಿಸಿತು. ಬಂಡೆಯ ಬುಡದಲ್ಲಿ ನೀರು ಜಿನುಗುವ ಸದ್ದು. ನೆಲಕ್ಕೆ ಕಿವಿಯಿಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಮಲಗಿ ಬುಡದ ಬಿರುಕಿಗೆ ತಲೆ ತೂರಿಸಿದಳು.

"ಏಯ್, ಅದು ನರಿ ಬಿಲ ಕಣೇ!" ಎಂದ ಭಾವ.

"ಹಗ್ಗ ಹಿಡ್ಕೊಳ್ಳಿ ಭಾವ. ಒಂದೇ ನಿಮಿಷ."

ಒಳಗೆ ತೆವಳಿದಳು. ಕೈಗೆ ಕಲ್ಲು ಸಿಗಬೇಕಿತ್ತು, ಸಿಕ್ಕಿದ್ದು ಮಂಜುಗಡ್ಡೆ. ಎದುರಿಗೆ ಕತ್ತಲೆಯಿರಬೇಕಿತ್ತು, ಕಂಡದ್ದು ಆಚೆ ಕಡೆಯ ಬೆಳಕು!

ಬಂಡೆ ಬೆಟ್ಟದ ಭಾಗವೇ ಆಗಿರಲಿಲ್ಲ. ಎಂದೋ ಹಿಮನದಿಯೊಂದಿಗೆ ಬಂದು ಕುಳಿತ ಅತಿಥಿ. ಮಂಜುಗಡ್ಡೆಯ ಹಾಸಿಗೆಯ ಮೇಲೆ ಅದು ಕುಳಿತಿತ್ತು, ಈ ಬೇಸಿಗೆಯಲ್ಲಿ ಹಾಸಿಗೆ ಕರಗುತ್ತಿತ್ತು. ಸುತ್ತ ಮಣ್ಣು ತುಂಬಿದ್ದರಿಂದ ಅವಳು ಅದನ್ನೇ ಬೆಟ್ಟವೆಂದು ನಂಬಿ ಕಂಬ ನೆಟ್ಟಿದ್ದಳು.

ಅವಳ ಕೆನ್ನೆಯ ಮೇಲೆ ಪುಡಿಕಲ್ಲು ಉದುರಿತು.

"ಎಳೀರಿ ಭಾವ!"

ಭಾವ ಎಳೆದ. ಮೊಣಕೈ ತರಚಿತು. ಟೋಪಿ ಒಳಗೇ ಉಳಿಯಿತು. ಹೊರಗೆ ಬಂದವಳೇ ತಲೆಯೆತ್ತಿ ನೋಡುತ್ತಾಳೆ, ಮಿಲಿಮೀಟರ್ ಬಂಡೆಯ ಮೇಲೆ ಸ್ಪ್ಯಾನರ್ ಹಿಡಿದು ಕುಳಿತಿದ್ದಾನೆ.

"ಇಳೀರಿ! ಬಂಡೆ ಹೋಗ್ತಿದೆ!"

"ಎಲ್ಲಿಗೆ?"

"ಕೆಳಕ್ಕೆ ಮಾರಾಯ್ರೆ!"

"ಹಾಗಾದ್ರೆ ಆಂಟೆನಾ ಬಿಚ್ಚಬೇಕಲ್ಲ. ಇನ್ನೊಂದೇ ತಿರುಪು!"

ಬಂಡೆ ನರಳಿತು. ಏಣಿ ತಾನಾಗಿ ಜಾರಿ ಬಿತ್ತು. ಭಾವ ಹಗ್ಗ ಎಸೆದು, "ಜಿಗೀತೀಯೋ, ನಾನೇ ಬರ್ಲೋ?" ಎಂದು ಗುಡುಗಿದ. ಮಿಲಿಮೀಟರ್ ಆಂಟೆನಾವನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ ಜಿಗಿದ. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು.

ಬಂಡೆ ಮೆಲ್ಲಗೆ ತಲೆಬಾಗಿತು. ಆಮೇಲೆ ಉರುಳಿತು.

ಕಂಬ ಒಮ್ಮೆ ಆಕಾಶಕ್ಕೆ, ಒಮ್ಮೆ ಪಾತಾಳಕ್ಕೆ ಮುಖಮಾಡುತ್ತ ಹೋಯಿತು. ಕಿವಿ ಗಡಚಿಕ್ಕುವ ಸದ್ದು ಕೆಳಗಿನ ಕಮರಿಯಲ್ಲಿ ಮುಳುಗಿ, ಧೂಳಿನ ಕಂಬವೊಂದು ಎದ್ದು ನಿಂತಿತು.

"ಆ ಕಮರಿ ದಾಟಿ ಅದು ಊರಿಗೆ ಬರಲ್ಲ ಬಿಡಿ," ಎಂದ ಭಾವ ಉಸಿರು ಬಿಟ್ಟು. "ಅಲ್ಲಿ ಇಳಿದ್ರೆ ನನ್ನಿಂದ್ಲೂ ಹತ್ತಿ ಬರಕ್ಕಾಗಲ್ಲ."

ಆದರೆ ಪುಟ್ಟಿ ಇನ್ನೂ ನಗಲಿಲ್ಲ. ಬಂಡೆ ಸರಿದದ್ದು ದಿಟ. ಬೆಟ್ಟ ಸರಿದಿಲ್ಲವೆಂದು ಹೇಳಬೇಕಾದದ್ದು ಮೊಳೆ.

ಅದರ ಮೇಲಿನ ಆಂಟೆನಾ ಏನೂ ಆಗದಂತೆ ಅಂಚಿನಲ್ಲಿ ಆಕಾಶ ಕೇಳುತ್ತ ಕುಳಿತಿತ್ತು. ಹೊತ್ತು ತುಂಬಿದ ಮೇಲೆ ಮಿಲಿಮೀಟರ್ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡಿದ. ಮತ್ತೆ ಮಾಡಿದ. ಭಾವನಿಗೆ ತಡೆಯಲಾಗಲಿಲ್ಲ.

"ಬೆಟ್ಟ ನಡೆದಿದ್ಯೋ ಇಲ್ವೋ ಹೇಳಪ್ಪಾ!"

"ಖಂಡ ಎಷ್ಟು ನಡೆದಿದ್ಯೋ ಅಷ್ಟೇ ನಡೆದಿದೆ."

"ಅಂದ್ರೆ?"

ಪುಟ್ಟಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ಮುಖ ಅರಳಿತು. "ಇಡೀ ಭೂಖಂಡವೇ ವರ್ಷಕ್ಕಿಷ್ಟು ಅಂತ ಸರೀತಿರುತ್ತೆ, ಬೆಟ್ಟ ಎಲ್ಲರ ಜೊತೆ ನಡೆದಿದೆ ಭಾವ. ಗುಂಪು ಬಿಟ್ಟು ಒಂದೆಳೆಯೂ ನಡೆದಿಲ್ಲ. ತಪ್ಪು ನಂದೇ!"

"ಅಬ್ಬಾ, ನನ್ನ ಬಂಗಾರ!" ಎಂದು ಭಾವ ಅವಳ ಬೆನ್ನು ತಟ್ಟಿದ ರಭಸಕ್ಕೆ ಅವಳು ಮುಗ್ಗರಿಸಿದಳು.

ಊರು ತಲುಪಿದಾಗ ಮೊದಲ ಹಿಮ ಉದುರುತ್ತಿತ್ತು. ಮೂವರ ಮೊಣಕಾಲುಗಳೂ ಬಾತುಕೊಂಡಿದ್ದವು. ಬೇಕರಿಯ ಮೆಟ್ಟಿಲ ಮೇಲೆ ನಿಂತು ಪುಟ್ಟಿ ನೆರೆದ ಜನಕ್ಕೆ ವಿಷಯ ಹೇಳಿದಳು. ತನ್ನ ತಪ್ಪನ್ನು ಇಷ್ಟು ಸಂತೋಷದಿಂದ ಸಾರಿದ ವಿಜ್ಞಾನಿಯನ್ನು ಆ ಊರು ಕಂಡಿರಲಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ಫೋನಿನಲ್ಲಿ ಕಚೇರಿಯ ಹಿರಿಯರು ಪೂರ್ತಿ ಕೇಳಿಸಿಕೊಂಡರು. "ಹೊಸ ಕೇಂದ್ರಗಳು ಈ ಸಲ ಬೇರೆಯವರಿಗೆ ಹೋಗುತ್ತೆ, ಗೊತ್ತಲ್ಲ?" ಎಂದರು. "ಗೊತ್ತು ಸರ್." "ನೀನು ಆ ಮೊಳೆ ಪಕ್ಕ ಇನ್ನೊಂದು ಕಂಬ ನೆಡು. ಈ ಸಲ ಬುಡ ನೋಡಿ ನೆಡು."

ಬೀದಿಯಲ್ಲಿ ಲಾರಿಗಳು ಖಾಲಿಯಾಗುತ್ತಿದ್ದವು. ಎದುರುಮನೆಯ ಅಜ್ಜಿ ಒಬ್ಬರೇ ಮಂಚ ಎಳೆಯಲು ಒದ್ದಾಡುತ್ತಿದ್ದರು. ಪುಟ್ಟಿ ಓಡಿಹೋಗಿ ಒಂದು ತುದಿ ಹಿಡಿದಳು, ಮಿಲಿಮೀಟರ್ ಇನ್ನೊಂದು. ಮನೆಯೊಳಗೆ ಮೂಲೆಯಲ್ಲಿ ಮಂಚದ ಕಾಲಿನ ಹಳೆಯ ಗುರುತು ನೆಲದ ಮೇಲೆ ಇನ್ನೂ ಇತ್ತು.

"ಇನ್ನೊಂಚೂರು ಗೋಡೆ ಕಡೆಗೆ ಮಗಾ," ಎಂದರು ಅಜ್ಜಿ. "ಹಾಂ. ಅಲ್ಲೇ ಇರ್ಲಿ."